ನಕ್ಷೆಯಲ್ಲಿ ಇಲ್ಲದ ತೂಬು

ಗಾಳಿ ಸೋಕು, ಕನಸಿನ ಸೂಚನೆ ಇವೆಲ್ಲ ನನಗೆ ನಗುವ ವಿಷಯಗಳಾಗಿದ್ದವು. ಬ್ಯಾಂಕಿನ ಕೃಷಿ ಅಧಿಕಾರಿಯಾದ ನಾನು ಕಾಗದದಲ್ಲಿ ಕಂಡದ್ದನ್ನಷ್ಟೇ ನಂಬುತ್ತಿದ್ದೆ. ಈಗ ಹೇಳುವುದನ್ನು ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ವರ್ಗವಾದಾಗ, ನೌಕಾಪಡೆಯಲ್ಲಿದ್ದ ಹಾಸನದ ಗೆಳೆಯನೊಬ್ಬ ಹಳೆಯ ನಕ್ಷೆ ಕೊಟ್ಟ. ಬ್ರಿಟಿಷರ ಕಾಲದ್ದು. ಕೃಷ್ಣೆ ಕಡಲು ಸೇರುವ ಬಯಲಿನ ಕಾಲುವೆ, ಏರಿಗಳೆಲ್ಲ ಅದರಲ್ಲಿದ್ದವು. ಜೌಗು ನೆಲಕ್ಕೆ ಸಣ್ಣ ನೀಲಿ ಗೆರೆಗಳ ಗುರುತು. ಅದನ್ನು ವಿಜಯವಾಡದ ಭವಾನಿಪುರಂನಲ್ಲಿದ್ದ ನನ್ನ ಮನೆಯ ಗೋಡೆಗೆ ಹಾಕಿಸಿ, ಫೋಟೊ ತೆಗೆದು ಅವನಿಗೂ ಕಳಿಸಿದೆ.

ಆ ಮಳೆಗಾಲ ಅವ್ವ ಮಂಡ್ಯದಿಂದ ಬಂದಿದ್ದಳು. ಅವಳಪ್ಪ ಊರಿನ ನೀರುಗಂಟಿ, ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದವನು. ಅವ್ವನಿಗೆ ಓದು ಬರದು. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ನಕ್ಷೆಯೆದುರು ನಿಂತವಳು ಜೌಗಿನ ಅಂಚಿನಲ್ಲಿ ಬೆರಳಿಟ್ಟಳು.

“ಇಲ್ಲೊಂದು ತೂಬದೆ ಕಣಪ್ಪ. ಎರಡು ಕಣ್ಣಿಂದು. ಒಂದಕ್ಕೆ ಕಲ್ಲು ಕಟ್ಬುಟ್ಟವ್ರೆ.”

ಅಲ್ಲಿ ಏರಿಯ ಗೆರೆ ಬಿಟ್ಟರೆ ಏನೂ ಇರಲಿಲ್ಲ. “ನೀನ್ಯಾವಾಗ ನೋಡ್ದೆ?” ಎಂದು ನಕ್ಕೆ.

“ನೋಡಿಲ್ಲ. ಅದೆ ಅಷ್ಟೆ,” ಎಂದು ಅಡುಗೆಮನೆಗೆ ಹೋದಳು.

ಅದೇ ವಾರ ಬೆಳೆ ನೋಡಲು ಹೋದ ಹಳ್ಳಿಯಲ್ಲಿ ನಾಟಿಯಾದ ಗದ್ದೆಗಳು ಐದು ದಿನದಿಂದ ನೀರಿನಡಿ ಇದ್ದವು. ಇನ್ನೆರಡು ದಿನ ಹೀಗೇ ನಿಂತರೆ ಪೈರು ಕೊಳೆಯುತ್ತದೆ ಎಂದ ಅಲ್ಲಿನ ರೈತ ವೀರಯ್ಯ. ಊರಿನ ಹೆಸರು ಎಲ್ಲೋ ಓದಿದಂತಿತ್ತು. ಫೋನಿನಲ್ಲಿದ್ದ ಫೋಟೊ ತೆಗೆದು ನೋಡಿದೆ. ಅವ್ವ ಬೆರಳಿಟ್ಟದ್ದು ಇದೇ ಊರಿನ ಏರಿಯ ತಿರುವಿನಲ್ಲಿ.

ನಾಚಿಕೆಯಿಂದಲೇ, ಅಲ್ಲಿ ಅಗೆದು ನೋಡಿ ಎಂದೆ. “ನಮ್ಮ ತಾತನ ಕಾಲದಿಂದ ಅಲ್ಲಿ ಬರೀ ಮಣ್ಣೇ ಸಾರ್,” ಎಂದು ವೀರಯ್ಯ ತೆಲುಗಿನಲ್ಲಿ ಹೇಳಿದ. ಆದರೂ ಹಾರೆ ತಂದರು. ಮೂರನೆಯ ಕಡೆ ಚುಚ್ಚಿದಾಗ ಕಲ್ಲು ಖಣ್ಣೆಂದಿತು. ಸಂಜೆಯೊಳಗೆ ತೂಬಿನ ಬಾಯಿ ಕಾಣಿಸಿತು. ನೀರು ಹರಿಯಲು ಎರಡು ಕಣ್ಣು, ಎಡಗಡೆಯದಕ್ಕೆ ಕಲ್ಲು ಕಟ್ಟಿ ಗಾರೆ ಬಳಿದಿದ್ದರು. ಇನ್ನೊಂದರ ಹೂಳು ತೆಗೆದದ್ದೇ ನೀರು ಆಚೆಯ ಹಳ್ಳಕ್ಕೆ ನುಗ್ಗಿತು. ಫೋನಿನ ಫೋಟೊ ಮತ್ತೆ ತೆಗೆದು ನೋಡಿದೆ, ಅದರಲ್ಲಿ ಏರಿಯ ಗೆರೆಯಷ್ಟೇ ಇತ್ತು.

“ಯಾವ ಇಂಜಿನಿಯರ್ ಗಾರು ಹೇಳಿದ್ದು ಸಾರ್?” ವೀರಯ್ಯ ಕೇಳಿದ.

“ನಮ್ಮಮ್ಮ. ನೀರುಗಂಟಿಯ ಮಗಳು,” ಎಂದೆ.

ಕಾಲೇಜಿನಲ್ಲಿ ತಾತನ ಕೆಲಸವನ್ನು ಯಾರಿಗೂ ಹೇಳದೆ ಮುಚ್ಚಿಟ್ಟಿದ್ದವನು ನಾನು. ಬಡ್ತಿ ಬಂದ ದಿನವೂ ನನ್ನೆದೆ ಅಷ್ಟು ಉಬ್ಬಿರಲಿಲ್ಲ.

ಪೈರು ಉಳಿಯಿತು. ಅವ್ವ ನಕ್ಷೆಯಲ್ಲಿ ಜೌಗಿನ ಗುರುತು ಕಂಡು ಊಹಿಸಿರಬೇಕು, ನೀರಿನವರ ಮಕ್ಕಳಿಗೆ ನೆಲದ ವಾಟ, ನೀರು ಇಳಿಯುವ ದಿಕ್ಕು ತಿಳಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ಇರಬಹುದು. ಆದರೆ ಮಣ್ಣಿನಡಿ ಮುಚ್ಚಿಹೋದ ಆ ಕಲ್ಲುಕಟ್ಟು, ಆ ಊರನ್ನೇ ಕಾಣದವಳಿಗೆ ಹೇಗೆ ತಿಳಿಯಿತು? ಎಷ್ಟೋ ಸಲ ಕೇಳಿದ್ದೇನೆ. ಅವ್ವನಿಗೆ ಇದರಲ್ಲಿ ಸೋಜಿಗವೇ ಕಾಣುವುದಿಲ್ಲ. ಸೋಜಿಗವೆಲ್ಲ ನನ್ನ ಪಾಲಿಗೇ ಉಳಿದಿದೆ.