ಸಿಳ್ಳೆ ಹಾಕಿದವರು ಹೊರಗೆ

ಡೊರೀನ್ ಟ್ರಾಂಟರ್‌ಗೆ ನಾಟಕದ ಹುಚ್ಚು ಎಂದೂ ಇರಲಿಲ್ಲ. ಹೋಟೆಲುಗಳ ಹಾಸಿಗೆಬಟ್ಟೆ ಇಸ್ತ್ರಿ ಮಾಡಿಯೇ ಆಯುಷ್ಯ ಸವೆಸಿದವಳಿಗೆ ಸತ್ತುಹೋದ ರಾಜರಾಣಿಯರ ಗೋಳು ಕೇಳಲು ಪುರುಸೊತ್ತಾದರೂ ಎಲ್ಲಿ? ಹುಚ್ಚು ಇದ್ದದ್ದು ಗಂಡ ಸಿರಿಲ್‌ಗೆ. ಬೆಳಗಾಗೆದ್ದು ಹಾಲಿನ ಬಾಟಲಿ ಹಂಚುತ್ತ ಬೀದಿಗೆಲ್ಲ ಕೇಳುವಂತೆ ಸಿಳ್ಳೆ ಹಾಕುತ್ತಿದ್ದ ಮನುಷ್ಯ ಅವನು. ಮಗಳು ಹಿಲರಿಯನ್ನು ನಾಟಿಂಗ್‌ಹ್ಯಾಮಿನ ಬೆಲ್ ಲೇನ್ ನಾಟಕಶಾಲೆಗೆ ಕರೆದೊಯ್ದು, ಹಳೆಯ ನಾಟಕಗಳನ್ನೆಲ್ಲ ಮೇಲಿನ ಅಗ್ಗದ ಗ್ಯಾಲರಿಯಿಂದ ತೋರಿಸಿದ. ಹುಡುಗಿ ದೊಡ್ಡವಳಾಗಿ ಅಲ್ಲೇ ನಟಿಯಾದಳು.

ಅವಳು ಮೊದಲ ಸಲ ದೊಡ್ಡ ಪಾತ್ರ ಕಟ್ಟಿದ ಸಂಜೆಯೇ ಸಿರಿಲ್ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದ. "ಹಿಲರೀನ ಕರಿ" ಎಂದು ಕೇಳಿದ್ದ. ಡೊರೀನ್ ಕರೆಯಲಿಲ್ಲ. ಮಗಳ ದೊಡ್ಡ ದಿನ ಹಾಳಾಗಬಾರದು, ನಾಟಕ ಮುಗಿಯಲಿ ಎಂದು ಕಾದಳು. ಸಾವು ಕಾಯಲಿಲ್ಲ. ಅಪ್ಪ ತನ್ನನ್ನು ಕೇಳಿದ್ದನೆಂದು ನರ್ಸಿನ ಬಾಯಿಂದ ತಿಳಿದ ಮಗಳು ಅಂದಿನಿಂದ ತಾಯಿಯ ಜೊತೆ ಮಾತು ಬಿಟ್ಟಳು.

ಆಮೇಲೆ ವಿಚಿತ್ರವೊಂದಾಯಿತು. ಎಂದೂ ಸಿಳ್ಳೆ ಹಾಕದ ಡೊರೀನ್‌ಗೆ ಗಂಡನ ಸಿಳ್ಳೆ ಅಂಟಿಕೊಂಡಿತು. ಮನಸ್ಸು ಕದಡಿದರೆ ಸಾಕು, ತುಟಿ ತಾನಾಗಿ ಅವನ ರಾಗ ಹಿಡಿಯುತ್ತಿತ್ತು.

ಫೋನು ಮಾಡಿದರೆ ಮಗಳು ಎತ್ತುತ್ತಿರಲಿಲ್ಲ. ಒಂದೇ ಒಂದು ಸಲ ಅವಳ ಬಾಯಲ್ಲಿ 'ಅಮ್ಮ' ಅನ್ನಿಸಿಕೊಳ್ಳಬೇಕೆಂಬ ಆಸೆಗೆ ಡೊರೀನ್ ನವೆಂಬರಿನ ಒಂದು ಮಧ್ಯಾಹ್ನ, ಆಟ ಶುರುವಾಗುವ ಮುಂಚೆ, ಶುಂಠಿ ಕೇಕ್ ಕಟ್ಟಿಕೊಂಡು ನಾಟಕಶಾಲೆಯ ಹಿಂಬಾಗಿಲಿಗೆ ಹೋದಳು. ಬಾಗಿಲು ಕಾಯುವ ಸ್ಟಾನ್ ಅವಳನ್ನು ನೋಡಿ ನಕ್ಕ.

"ಹಿಲರಿ ಅಮ್ಮ ತಾನೆ? ಅದೇ ಮೂಗು. ಹೋಗಿ ತಾಯಿ, ಕೊನೇ ರೂಮು."

ಹಿಲರಿ ಕನ್ನಡಿಯ ಮುಂದೆ ಕೂತಿದ್ದಳು. ಜೊತೆಯ ನಟಿ ಪ್ರುಡೆನ್ಸ್ ಅವಳ ತಲೆಗೆ ಕೃತಕ ಕೂದಲು ಕೂರಿಸುತ್ತಿದ್ದಳು.

"ಕೇಕ್ ತಂದಿದ್ದೆ, ಮಗಳೇ."

ಹಿಲರಿ ತಿರುಗಲಿಲ್ಲ. "ಅಲ್ಲಿಡು" ಎಂದಳು.

ಹೊರಗೆ ಹೋಗು ಅನ್ನಲಿಲ್ಲವಲ್ಲ! ಡೊರೀನ್‌ಗೆ ಹೋದ ಜೀವ ಬಂದಂತಾಯಿತು. ಕೋಟು ಬಿಚ್ಚಿ ಗೂಟಕ್ಕೆ ಹಾಕಿದಳು. ಹಾಳು ಸಿಳ್ಳೆ, ಆಗಲೇ ಬರಬೇಕೆ!

"ಅಯ್ಯಯ್ಯೋ!" ಪ್ರುಡೆನ್ಸ್ ಕಿರುಚಿದಳು. "ಇಲ್ಲಿ ಸಿಳ್ಳೆ ಹಾಕ್ತಾರೇನ್ರೀ? ಅಪಶಕುನ! ಹಿಂದಿನ ಕಾಲದಲ್ಲಿ ಪರದೆ ಎಳೆಯೋರಿಗೆ ಸಿಳ್ಳೇನೇ ಸನ್ನೆ. ಯಾರೋ ಸುಮ್ನೆ ಹಾಕಿದ್ರೆ ಮೇಲೆ ಕಟ್ಟಿದ ಸೀನಿನ ಮರಾನೇ ತಲೆ ಮೇಲೆ ಬೀಳೋದು! ನಡೀರಿ ಹೊರಗೆ. ದೋಷ ಹೋಗೋಕೆ ಮೂರು ಸುತ್ತು ತಿರುಗಿ ಬಾಗಿಲು ತಟ್ಟಿ. ಒಳಗಿನೋರು ಕರೆದ್ರೆ ಮಾತ್ರ ಬರಬೇಕು, ತಿಳೀತಾ?"

ಅವಳು ನಗುತ್ತಿದ್ದಳು. ಹಿಲರಿ ನಗಲಿಲ್ಲ. ಅದು ಅಪ್ಪನ ರಾಗ.

ಡೊರೀನ್ ರೂಮುಗಳ ನಡುವಿನ ಓಣಿಯಲ್ಲಿ ಗೋಡೆ ಹಿಡಿದುಕೊಂಡು ಮೂರು ಸುತ್ತು ತಿರುಗಿದಳು. ಬಾಗಿಲು ತಟ್ಟಿದಳು.

"ಕರಿಯೇ ಮಾರಾಯ್ತಿ, ಪಾಪ, ವಯಸ್ಸಾದೋರು" ಎಂದಿತು ಪ್ರುಡೆನ್ಸಳ ದನಿ.

"ಬೇಕಾದ್ರೆ ನೀನು ಕರ್ಕೋ."

"ನಾನ್ಯಾಕೆ? ನಿನ್ನಮ್ಮ ಕಣೇ."

ಡೊರೀನ್ ಮತ್ತೆ ತಟ್ಟಿದಳು. "ಹಿಲರೀ, ಮೂರೂ ಸುತ್ತು ತಿರುಗಿದೆ ಕಣೇ."

ಆಟ ಶುರುವಾಗುವ ಗಂಟೆ ಹೊಡೆಯಿತು. ಬಾಗಿಲು ತೆರೆಯಿತು. ಪ್ರುಡೆನ್ಸ್ ತಲೆ ತಗ್ಗಿಸಿ ಹೊರಟುಹೋದಳು. ಕರಿಯ ನಿಲುವಂಗಿ ತೊಟ್ಟ ಹಿಲರಿ ಹೊಸ್ತಿಲಲ್ಲಿ ನಿಂತಳು.

"ಅಪ್ಪ ನನ್ನ ಕರಿ ಅಂದಾಗ ನೀನು ಕರೆದ್ಯಾ?"

ಕೇಳಿದವಳೇ ರಂಗದ ಕಡೆ ನಡೆದುಬಿಟ್ಟಳು.

ಓಣಿಯ ಗೋಡೆಗಿದ್ದ ಸ್ಪೀಕರಿನಲ್ಲಿ ನಾಟಕ ಕೇಳಿಸತೊಡಗಿತು. ಅಲ್ಲಿ ಹಿಲರಿಯ ದನಿಯಲ್ಲಿ ರಾಜಕುಮಾರಿಯೊಬ್ಬಳು ಸತ್ತ ತಂದೆಗಾಗಿ ಅಳುತ್ತಿದ್ದಳು. ಅದು ಬರೀ ನಟನೆಯಲ್ಲವೆಂದು ಇಡೀ ನಾಟಕಶಾಲೆಯಲ್ಲಿ ಬಲ್ಲವಳು ಡೊರೀನ್ ಒಬ್ಬಳೇ. ಆ ಅಳುವನ್ನು ಕೊನೆಯವರೆಗೂ ನಿಂತು ಕೇಳಿದಳು.

ಸ್ಟಾನ್ ಆ ಕಡೆ ಬಂದವನು ಬೆರಗಾದ. "ಯಾಕ್ ತಾಯಿ, ಇಲ್ಲೇ ನಿಂತ್ರಿ? ಬಾಗಿಲು ತೆಗೆದೇ ಇದೆ. ಒಳಗೆ ಹೋಗಿ ಕೋಟು ಹಾಕ್ಕೊಳ್ಳಿ, ಹೊರಗೆ ಕೊರೆಯೋ ಚಳಿ."

"ಯಾರೂ ಕರೀಲಿಲ್ಲಪ್ಪ."

ಕೋಟಿಲ್ಲದೆಯೇ ಬಸ್ ನಿಲ್ದಾಣದ ಕಡೆ ನಡೆದಳು. ದಾರಿಯಲ್ಲಿ ಸಿರಿಲ್‌ನ ರಾಗಕ್ಕೆಂದು ತುಟಿ ಕೂಡಿಸಿದಳು. ಬರೀ ಗಾಳಿ ಬಂತು.