ಅಳತೆಗೆ ಕೊಟ್ಟ ರವಿಕೆ

ಚೂಡಾಮಣಿಯ ಹೆಸರು ಮೊದಲು ಕಿವಿಗೆ ಬಿದ್ದದ್ದು ಮದ್ದೂರು ಪೇಟೆಬೀದಿಯ ಟೈಲರ್ ಅಫ್ಸರ್ ಪಾಷಾನ ಅಂಗಡಿಯಲ್ಲಿ. ಎಪ್ಪತ್ನಾಲ್ಕನೇ ಇಸವಿ. "ಗೋದಮ್ನೋರೆ, ಮಂಡ್ಯ ಕಾಲೇಜಲ್ಲಿ ಲೆಕ್ಕ ಹೇಳ್ಕೊಡೋ ಚೂಡಾಮಣಿ ಮೇಡಮ್ಮೋರಿಗೆ ರೂಮು ಬೇಕಂತೆ. ನಿಮ್ಮ ಮುಂದಿನ ಕೋಣೆ ಖಾಲಿ ಅಲ್ವಾ?" ಅಂದ. ನಮ್ಮ ಯಜಮಾನರು ಹೋಗಿ ವರ್ಷ ತುಂಬಿತ್ತು. ಮನೆಯಲ್ಲಿ ಮನುಷ್ಯರ ಸದ್ದಾದರೂ ಇರಲಿ ಅಂತ ಒಪ್ಪಿದೆ.

ಅವಳದು ಸದ್ದೇ ಇರಲಿಲ್ಲ. ವಾರವೆಲ್ಲ ಮಂಡ್ಯದ ಬಸ್ಸು. ಶನಿವಾರ ಬೆಳಗಿನ ರೈಲಿಗೆ ನಾನೇ ಎಬ್ಬಿಸಬೇಕು. ಬೆಂಗಳೂರಲ್ಲಿ ಕಂಪ್ಯೂಟರು ಅನ್ನೋ ಯಂತ್ರಕ್ಕೆ ತೂತು ಹೊಡೆದ ಕಾರ್ಡು ತಿನ್ನಿಸಿ ಶಿಂಷಾ ಹೊಳೆಯ ನೆರೆಯ ಲೆಕ್ಕ ಮಾಡಿಸುತ್ತಿದ್ದಳು. ಅದು ಸರಿಬಂದರೆ ಡಾಕ್ಟರೇಟು. ಬರುತ್ತಲೇ ಇರಲಿಲ್ಲ. ಕಾಲು ಊದಿಸಿಕೊಂಡು ಬಂದು ಚಾಪೆಗೆ ಉರುಳಿದರೆ ಊಟಕ್ಕೂ ಏಳಳು. ಹೀಗೇ ಎರಡು ವರ್ಷ.

"ಯುಗಾದಿಯೊಳಗೆ ಆಗ್ದಿದ್ರೆ ಬಿಟ್ಟುಬಿಡಿ ಅಂದ್ರು ನಮ್ಮ ಗೈಡು," ಅಂದಳು ಒಂದು ದಿನ, ಗೋಡೆ ಕಡೆ ತಿರುಗಿ ಮಲಗಿ.

ಆಗಲೇ ಪಾಷಾನ ಅವಾಂತರ. ಚೂಡಾಮಣಿ ತನ್ನ ಹಸಿರು ರೇಷ್ಮೆ ರವಿಕೆಯನ್ನು ಅಳತೆಗೆ ಕೊಟ್ಟು, ಹೊಸದಕ್ಕೆ ತೋಳು ಎರಡು ಬೆರಳು ಗಿಡ್ಡ ಇರಲಿ ಅಂದಿದ್ದಳು. ಪುಣ್ಯಾತ್ಮ ಮೊದಲು ಹಸಿರು ರವಿಕೆಯ ತೋಳನ್ನೇ ಕತ್ತರಿಸಿ, ಅದನ್ನೇ ಅಳತೆಗಿಟ್ಟುಕೊಂಡು ಹೊಸದು ಹೊಲಿದಿದ್ದ.

"ನಿನ್ನ ಕತ್ತರಿಗೆ ಬೆಂಕಿ ಹಾಕ! ಅಳತೆಗೆ ಕೊಟ್ಟದ್ದನ್ನ ಕತ್ತರಿಸ್ತಾರೇನೋ?" ಅಂದೆ.

"ಗಿಡ್ಡ ಬೇಕು ಅಂದ್ರಲ್ಲ ಅಮ್ಮಾವ್ರೆ. ಈಗ ಎರಡೂ ಒಂದೇ ಅಳತೆ, ಬೇಕಾದ್ರೆ ಇಟ್ಟು ನೋಡಿ!"

ಚೂಡಾಮಣಿ ಜಗಳ ಆಡಲಿಲ್ಲ. ಮನೆಗೆ ಬಂದು ರವಿಕೆಯನ್ನು ತೊಡೆ ಮೇಲಿಟ್ಟುಕೊಂಡು ಕೂತಳು.

"ನನ್ನ ಲೆಕ್ಕದೊಳಗೂ ಒಬ್ಬ ಪಾಷಾ ಇದಾನೆ ಗೋದಮ್ನೋರೆ. ಮೊನ್ನೆ ರೈಲಲ್ಲಿ ಕಾರ್ಡು ತಿರುವಿ ಹಾಕ್ತಿದ್ದಾಗ ಸಿಕ್ಕಿಬಿದ್ದ."

"ಏನೇ ಹಂಗಂದ್ರೆ?"

"ದೊಡ್ಡ ಲೆಕ್ಕ ಒಂದು ಚೂರು ಕೆಲಸಾನ ಇನ್ನೊಂದು ಸಣ್ಣ ಲೆಕ್ಕಕ್ಕೆ ಒಪ್ಪಿಸುತ್ತೆ. ಒಪ್ಪಿಸೋವಾಗ ಹೊಳೆ ನೀರಿನ ಮಟ್ಟ ಎಷ್ಟು ಅಂತ ಕೊಡ್ಬೇಕು. ಅಂಕಿಯ ನಕಲು ಹೋಗುತ್ತೆ ಅಂದ್ಕೊಂಡಿದ್ದೆ. ಹೋಗ್ತಿದ್ದದ್ದು ಅಸಲೇ. ಆ ಸಣ್ಣ ಲೆಕ್ಕ ಅದನ್ನ ತನ್ನ ಅನುಕೂಲಕ್ಕೆ ಕಡಿದು ವಾಪಸ್ ಇಡ್ತಿತ್ತು. ಮುಂದಿನ ಲೆಕ್ಕವೆಲ್ಲ ಆ ಗಿಡ್ಡ ತೋಳಿನ ಮೇಲೆ."

"ಈಗೇನು ಮಾಡ್ತೀಯೆ?"

"ಪಾಷಾಗೆ ಚೀಟೀಲಿ ಅಳತೆ ಬರೆದು ಕೊಟ್ಟಿದ್ರೆ ರವಿಕೆ ಉಳೀತಿತ್ತಲ್ಲ? ಅಲ್ಲೂ ಅಷ್ಟೇ. ಮೊದಲು ನಕಲು ಮಾಡಿ, ಆ ನಕಲನ್ನ ಕೊಡೋದು."

"ಅಷ್ಟಕ್ಕೆ ಎರಡು ವರ್ಷಾನೇನೇ?"

"ಹೂಂ. ಅಷ್ಟಕ್ಕೆ," ಅಂದಳು. ನಗು ಬರಲಿಲ್ಲ, ಅಳುವೂ ಬರಲಿಲ್ಲ.

ಯುಗಾದಿ ಹತ್ತಿರ ಬಂದಿತ್ತು. ಆ ಶನಿವಾರ ಹೋಗಿ ಬಂದವಳು ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತು, "ಸರಿಬಂತು," ಅಂದಳು. ನಾನು ಸಂಭ್ರಮದಲ್ಲಿ ಒಳಗೋಡಿ ಸಕ್ಕರೆ ತಂದು ಅಂಗೈಗೆ ಹಾಕಿದೆ. ನೀರು ತರುವಷ್ಟರಲ್ಲಿ ಕಂಬಕ್ಕೊರಗಿ ನಿದ್ದೆ ಹೋಗಿದ್ದಳು. ಸಕ್ಕರೆ ಮುಷ್ಟಿಯೊಳಗೇ ಬೆವರಿಗೆ ಕರಗಿತ್ತು.

ಮುಂದಿನ ವಾರವೇ ಮಳವಳ್ಳಿಗೆ ವರ್ಗವಾಗಿ ಹೋದಳು, ಮತ್ತೆ ಕಾಣಲಿಲ್ಲ. ಹೋಗುವ ಮುಂಚಿನ ಶುಕ್ರವಾರ ಚಾಪೆ ಹಾಸಿಕೊಳ್ಳುತ್ತಾ ಕೇಳಿಕೊಂಡಿದ್ದಳು:

"ಗೋದಮ್ನೋರೆ, ನಾಳೆ ರೈಲಿಗೆ ಎಬ್ಬಿಸ್ಬೇಡಿ."