ದೊಡ್ಡಮ್ಮನ ಸಿಟ್ಟು ಹೋದಮೇಲೆ

ನಮ್ಮ ದೊಡ್ಡಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ದರ್ಜಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ. ಸಂಜೆ ಮನೆಗೆ ಬಂದಳೆಂದರೆ ಶುರು: ಹೊಲಿಯುವವಳು ಕಾಲರ್ ತಲೆಕೆಳಗು ಮಾಡಿದ್ದಾಳೆ, ಗಿರಾಕಿಯೊಬ್ಬ ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಟ್ಟು ಈಗ ಪ್ಯಾಂಟು ಬಿಗಿ ಎಂದು ಕುಣಿಯುತ್ತಾನೆ, ಯಜಮಾನನಿಗಂತೂ ಮೇಲಿನ ಮಹಡಿ ಖಾಲಿ. "ಸಾಕಾಗಿ ಹೋಯ್ತು ನಂಗೆ" ಎಂಬಲ್ಲಿಗೆ ದಿನ ಮುಗಿಯುತ್ತಿತ್ತು.

ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ದೊಡ್ಡಪ್ಪ ಸಾಧು ಮನುಷ್ಯ. ಹೆಂಡತಿ ಸಾಕಾಯಿತು ಎಂದರೆ ನಿಜಕ್ಕೂ ಸಾಕಾಗಿದೆ ಎಂದೇ ನಂಬಿದರು. ಆಕೆಗೆ ತಿಳಿಯದಂತೆ ಅಂಗಡಿಗೆ ಹೋಗಿ, "ಅವಳ ಕೈಲಿ ಇನ್ನು ಆಗಲ್ಲಪ್ಪ. ಏನಾದ್ರೂ ನೆಪ ಹೇಳಿ ಬಿಡಿಸ್ಬಿಡಿ" ಎಂದು ಕೇಳಿಕೊಂಡರು. ಪ್ರೀತಿಯಿಂದಲೇ ಮಾಡಿದ ಎಡವಟ್ಟು. ಯಜಮಾನ ವಯಸ್ಸಿನ ನೆಪ ಹೇಳಿ ದೊಡ್ಡಮ್ಮನನ್ನು ಬಿಡಿಸಿ, ಆಕೆ ಬಟ್ಟೆ ಕತ್ತರಿಸುತ್ತಿದ್ದ ಮೇಜಿಗೆ ಬೇರೊಬ್ಬನನ್ನು ತಂದ.

ಮೊದಮೊದಲು ಮನೆ ತಣ್ಣಗಿತ್ತು. ದೊಡ್ಡಮ್ಮ ಟೀವಿ ನೋಡಿ ನಕ್ಕಳು, ಮಧ್ಯಾಹ್ನ ಮಲಗಿದಳು. ದೊಡ್ಡಪ್ಪ ಹಿರಿಹಿರಿ ಹಿಗ್ಗಿದರು. ಆಮೇಲೆ ಆಕೆಯ ಕಾಲು ಒಂದು ಕಡೆ ನಿಲ್ಲದಾಯಿತು. ಕಿಟಕಿಗೆ ಹೋಗುವಳು, ವಾಪಸು ಬರುವಳು. ಮಡಚಿದ ಬಟ್ಟೆ ಬಿಚ್ಚಿ ಮತ್ತೆ ಮಡಚುವಳು. ಒಲೆ ಒರೆಸಿದ್ದನ್ನೇ ಒರೆಸುವಳು. ಒಂದು ದಿನ ಹೊಸ ಬೆಡ್‌ಶೀಟನ್ನೇ ಕತ್ತರಿಸಿ ದಿಂಬಿನ ಕವರ್ ಮಾಡಿದಳು. ದಿಂಬು ಇದ್ದದ್ದು ಎರಡು, ಕವರ್ ಆದದ್ದು ಒಂದು ರಾಶಿ.

ನಾನು ಹೋದಾಗಲೂ ಅದೇ ಓಡಾಟ.

"ಹೇಗಿದ್ದೀ ದೊಡ್ಡಮ್ಮ?"

"ಚೆನ್ನಾಗಿದೀನಿ ಕಣೆ. ಈಗ ಸಿಟ್ಟೇ ಬರಲ್ಲ." ಕೂತವಳು ಮತ್ತೆ ಎದ್ದಳು. "ಆದ್ರೆ ಇಷ್ಟು ವರ್ಷ ಬದುಕಿದ್ದೆಲ್ಲ ದಂಡ ಅನ್ಸುತ್ತೆ."

ಕೂಗಾಡುತ್ತಿದ್ದ ಕಾಲದಲ್ಲಿ ಬದುಕು ಹೇಗಿದೆ ಎಂದು ಕೇಳಿದರೆ ಇದೇ ಹೆಂಗಸು, "ನಂಗೇನೇ ಧಾಡಿ? ರಾಣಿ ಥರ ಇದೀನಿ" ಎಂದು ಗದರುತ್ತಿದ್ದಳು. ದಿನವೆಲ್ಲ ಸಿಡುಕುತ್ತಿದ್ದಾಗ ತೃಪ್ತಿಯಾಗಿದ್ದವಳು ಈಗ ಸಿಟ್ಟಿಲ್ಲದೆ ಸೊರಗುತ್ತಿದ್ದಳು. ಸುಮ್ಮನಿದ್ದವರೆಲ್ಲ ಸುಖವಾಗಿದ್ದಾರೆ ಎಂದುಕೊಳ್ಳುವ ನಮ್ಮ ಬುದ್ಧಿಗಿಷ್ಟು!

ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. ತಾವು ಮಾಡಿದ್ದನ್ನು ತಡವರಿಸುತ್ತಾ ಹೇಳಿಬಿಟ್ಟರು. ದೊಡ್ಡಮ್ಮ ಚಪ್ಪಲಿ ಮೆಟ್ಟಿಕೊಂಡು ನೇರ ಅಂಗಡಿಗೆ ನಡೆದಳು.

ವಾಪಸು ಬಂದಾಗ ಮುಖ ಕೆಂಡವಾಗಿತ್ತು. "ಮೇಜು ಸಿಗಲ್ವಂತೆ! ಬೇಕಾದ್ರೆ ಮೂಲೇಲಿ ಕೂತು ಗುಂಡಿ ಹಾಕ್ಬೇಕಂತೆ. ಆ ಹೊಸಬ ಬಟ್ಟೆ ಕತ್ತರಿಸ್ತಾನೋ, ಸೌದೆ ಕಡೀತಾನೋ!"

"ಹಾಗಾದ್ರೆ ಬೇಡ ಬಿಡೇ" ಎಂದರು ದೊಡ್ಡಪ್ಪ, ಮೆತ್ತಗೆ.

"ನೀವು ಬಾಯಿ ಮುಚ್ಕೊಳಿ. ನನ್ನ ಮೇಜು ಕಳೆದಿದ್ದು ನೀವು. ಸಾಯೋವರೆಗೂ ಮರೆಯಲ್ಲ ನಾನು."

ದೊಡ್ಡಪ್ಪ ತಲೆ ತಗ್ಗಿಸಿದರು. ದೊಡ್ಡಮ್ಮ ತಟ್ಟೆ ಎಳೆದುಕೊಂಡು ಗಬಗಬ ಉಂಡಳು, ಮತ್ತೊಮ್ಮೆ ಬಡಿಸಿಕೊಂಡಳು. ಕೈ ತೊಳೆಯುತ್ತಾ, ಅವರ ಕಡೆ ತಿರುಗದೆಯೇ ಹೇಳಿದಳು:

"ನಾಳೆ ಬೇಗ ಎಬ್ಬಿಸಿ."